ಕೆಲಸ ಬಿಡುವ ಮೊದಲು ವಾರಗಳ ಲೆಕ್ಕ

ಇನ್ನೊಂದು ಕೆಲಸ ಸಿಗುವ ಮೊದಲೇ ಈಗಿನದ್ದನ್ನು ಬಿಡಬಹುದೇ ಎಂದು ಯಾರನ್ನಾದರೂ ಕೇಳಿ, ಎರಡು ಸಿದ್ಧ ಉತ್ತರ ಬರುತ್ತವೆ. ‘ಹುಚ್ಚಾ ನಿನಗೆ?’ ಎನ್ನುವುದು ಒಂದು. ‘ನೆಮ್ಮದಿಗಿಂತ ಸಂಬಳ ಹೆಚ್ಚಾ?’ ಎನ್ನುವುದು ಇನ್ನೊಂದು. ಎರಡರಲ್ಲೂ ಲೆಕ್ಕವಿಲ್ಲ. ಕೈಯಲ್ಲಿರುವ ದುಡ್ಡು ಎಷ್ಟು ವಾರಕ್ಕೆ ಸಾಕು, ಹೊಸ ಕೆಲಸದ ಮೊದಲ ಸಂಬಳ ಬರಲು ಎಷ್ಟು ವಾರ ಬೇಕು ಎಂಬುದು ಗೊತ್ತಿಲ್ಲದೆ ಮಾಡಿದ ತೀರ್ಮಾನ ಸಿಟ್ಟಿನದ್ದಾಗಿರುತ್ತದೆ, ಇಲ್ಲವೇ ಭಯದ್ದು.

ಲೆಕ್ಕ ತಪ್ಪುವುದು ಬಹುಪಾಲು ಖರ್ಚಿನ ಕಡೆಯಲ್ಲಿ. ಉದಾಹರಣೆಗೆ, ತಿಂಗಳ ಖರ್ಚು 100 ಎಂದು ನೆನಪಿನಿಂದ ಹೇಳುತ್ತೀರಿ, ಉಳಿತಾಯ 700 ಇದೆ, ಹಾಗಾದರೆ 7 ತಿಂಗಳು ಎನ್ನುತ್ತೀರಿ. ಬ್ಯಾಂಕಿನ ಕಳೆದ 12 ತಿಂಗಳ ಸ್ಟೇಟ್‌ಮೆಂಟ್ ತೆಗೆದು ನೋಡಿ. ವಿಮೆಯ ಕಂತು, ಮಕ್ಕಳ ಫೀಸು, ಗಾಡಿ ರಿಪೇರಿ ಹೀಗೆ ವರ್ಷಕ್ಕೊಮ್ಮೆ ಬರುವ ಖರ್ಚೆಲ್ಲ ಸೇರಿ 180 ಆಗಿದ್ದರೆ ತಿಂಗಳಿಗೆ 15 ಕೂಡಿಸಬೇಕು. ಇಲ್ಲಿಯವರೆಗೆ ಆಫೀಸು ಕಟ್ಟುತ್ತಿದ್ದ ಆರೋಗ್ಯ ವಿಮೆ, ಫೋನ್ ಬಿಲ್ ಇನ್ನು ನಿಮ್ಮ ತಲೆಗೆ, ಅದಕ್ಕೊಂದು 5. ಒಟ್ಟು 120 ಆಯಿತು. ಆಸ್ಪತ್ರೆಯಂಥ ಆಪತ್ತಿಗೆ 100 ತೆಗೆದಿಟ್ಟರೆ ಉಳಿಯುವುದು 600. ಅಂದರೆ 7 ತಿಂಗಳಲ್ಲ, 5. ಹೊಸ ಕೆಲಸದ ಮೊದಲ ಸಂಬಳ ನೀವು ಸೇರಿದ ತಿಂಗಳ ಕೊನೆಗೆ ಬರುವುದರಿಂದ ಅದರಲ್ಲೂ ಒಂದು ಕಳೆಯಿರಿ. 4 ತಿಂಗಳೊಳಗೆ, ಅಂದರೆ ಸುಮಾರು 17 ವಾರದಲ್ಲಿ, ನೀವು ಹೊಸ ಕುರ್ಚಿಯಲ್ಲಿ ಕೂತಿರಬೇಕು.

ಈಗ ಆ 17 ವಾರವನ್ನು ಹಿಂದಿನಿಂದ ಎಣಿಸಿ. ಆಫರ್ ಲೆಟರ್ ಸಿಕ್ಕ ಮೇಲೆ ಸೇರುವವರೆಗೆ 2 ವಾರ. ನಾಲ್ಕು ಸುತ್ತಿನ ಸಂದರ್ಶನ, ನಡುವೆ ಯಾರೋ ರಜೆಯಲ್ಲಿದ್ದಾರೆ ಎಂಬ ಕಾಯುವಿಕೆ, ಆಫರ್ ಲೆಟರ್ ತಯಾರಾಗುವುದು, ಎಲ್ಲ ಸೇರಿ 6 ವಾರ ಇಟ್ಟುಕೊಳ್ಳಿ. ಉಳಿದದ್ದು 9. ಬೇಸತ್ತು ಬಿಟ್ಟವರ ಮೊದಲ ತಿಂಗಳು ನಿದ್ದೆಯಲ್ಲಿ, ಸುಮ್ಮನೆ ಕೂರುವುದರಲ್ಲಿ ಕಳೆಯುತ್ತದೆ. ಅದು ತಪ್ಪಲ್ಲ, ಬೇಕಾದದ್ದೇ. ಆದರೆ ಲೆಕ್ಕದಲ್ಲಿ ಇರಬೇಕು. ಹಾಗಾಗಿ ಮೊದಲ ಒಳ್ಳೆಯ ಕರೆ ಬರಲು ಉಳಿಯುವುದು 5 ವಾರ. ಏಳು ತಿಂಗಳ ದುಡ್ಡಿದೆ ಎಂದುಕೊಂಡವರ ಬಳಿ ನಿಜಕ್ಕೂ ಇದ್ದದ್ದು ಇಷ್ಟು. ನಿಮ್ಮದು ಹುದ್ದೆಗಳೇ ಕಡಿಮೆ ಇರುವ ಕ್ಷೇತ್ರವಾದರೆ, ಅಥವಾ ನೀವು ಮೇಲಿನ ಹಂತದಲ್ಲಿದ್ದರೆ, ಇದು ಸಾಲುವುದಿಲ್ಲ.

ಈ ಅಂಕಿ ನಿಜವೇ ಎಂದು ನೋಡಲು ಸುಲಭದ ದಾರಿಯಿದೆ: ಕೆಲಸದಲ್ಲಿರುವಾಗಲೇ ಎರಡು ತಿಂಗಳು ಆ 120ರಲ್ಲೇ ಬದುಕಿ, ಮಿಕ್ಕ ಸಂಬಳವನ್ನು ಬೇರೆ ಖಾತೆಗೆ ಹಾಕಿ. ಮೂರನೇ ವಾರಕ್ಕೇ ಆ ಖಾತೆಗೆ ಕೈ ಹೋದರೆ 120 ಸುಳ್ಳು. ಕ್ರೆಡಿಟ್ ಕಾರ್ಡಿನ ಮಿತಿಯನ್ನು ಮಾತ್ರ ಉಳಿತಾಯಕ್ಕೆ ಸೇರಿಸಬೇಡಿ, ಅದು ಸಾಲ.

ರಾಜೀನಾಮೆಗೆ ಮುಂಚೆಯೇ ಮುಗಿಸಬೇಕಾದ ಕೆಲವು ಕೆಲಸಗಳಿವೆ, ಆಮೇಲೆ ಅವು ಕಷ್ಟ. ಸಾಲ ಬೇಕಿದ್ದರೆ ಈಗಲೇ ತೆಗೆದುಕೊಳ್ಳಬೇಕು, ಏಕೆಂದರೆ ಬ್ಯಾಂಕು ಕೇಳುವುದು ಸಂಬಳದ ಚೀಟಿ. ಸ್ವಂತ ಆರೋಗ್ಯ ವಿಮೆಯೂ ಹಾಗೆಯೇ: ಮೊದಲಿಂದ ಇರುವ ಕಾಯಿಲೆಗೆ ಎಷ್ಟೋ ಪಾಲಿಸಿಗಳಲ್ಲಿ ಕಾಯುವ ಅವಧಿ ಇರುತ್ತದೆ, ಅದು ಆಫೀಸಿನ ವಿಮೆ ಇರುವಾಗಲೇ ಓಡಲು ಶುರುವಾಗಲಿ. ಬೋನಸ್ ಪತ್ರದ ಸಣ್ಣ ಅಕ್ಷರ ಓದಿ. ಹಣ ಕೈಸೇರುವ ದಿನ ನೀವು ನೋಟಿಸ್‌ನಲ್ಲಿದ್ದರೆ (ರಾಜೀನಾಮೆ ಕೊಟ್ಟು ಕಡೆಯ ದಿನದವರೆಗೆ ಕೆಲಸ ಮಾಡುವ ಅವಧಿ) ಸಿಗುವುದಿಲ್ಲ ಎಂದು ಅದರಲ್ಲಿ ಬರೆದಿರಬಹುದು. ಕೆಲಸದ ವೀಸಾದ ಮೇಲೆ ಪರದೇಶದಲ್ಲಿ ಇರುವವರಿಗೆ ಕೆಲಸ ಬಿಟ್ಟ ದಿನದಿಂದ ಇನ್ನೊಂದು ಗಡಿಯಾರ, ಅಂದರೆ ಆ ದೇಶ ಬಿಡಬೇಕಾದ ಗಡುವು, ಓಡಬಹುದು. ನಿರುದ್ಯೋಗ ಭತ್ಯೆ ಇರುವ ಕಡೆಯಲ್ಲೂ ತಾನಾಗಿ ಬಿಟ್ಟವರಿಗೆ ಅದು ಸಿಗದೇ ಹೋಗಬಹುದು ಅಥವಾ ತಡವಾಗಬಹುದು.

ಇನ್ನು, ಬೇಸರ ಯಾವುದರದ್ದು? ಎರಡು ವಾರ ಪ್ರತಿ ಸಂಜೆ ಒಂದು ಸಾಲು ಬರೆಯಿರಿ: ಇವತ್ತು ಮನಸ್ಸು ಕೆಟ್ಟದ್ದು ಯಾವ ಗಳಿಗೆಯಲ್ಲಿ, ಯಾರಿಂದ, ಏಕೆ. ಹತ್ತರಲ್ಲಿ ಏಳು ಸಾಲು ಒಬ್ಬನೇ ಮೇಲಧಿಕಾರಿಯ ಸುತ್ತ ಇದ್ದರೆ ಅದೇ ಸಂಸ್ಥೆಯಲ್ಲಿ ಬೇರೆ ತಂಡ ಕೇಳಬಹುದು. ಮಾಡುವ ಕೆಲಸದ ಸುತ್ತಲೇ ಇದ್ದರೆ ಕಂಪನಿ ಬದಲಿಸಿ ಪ್ರಯೋಜನವಿಲ್ಲ, ಆರು ತಿಂಗಳಿಗೆ ಮತ್ತೆ ಇದೇ ಗೋಳು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗ ವರ್ಗೀಕರಣದಲ್ಲಿ ‘ಬರ್ನ್‌ಔಟ್’ ರೋಗವಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ. ಅದರ ಮೂರು ಗುರುತುಗಳು: ಶಕ್ತಿಯೆಲ್ಲ ಬತ್ತಿಹೋದಂತಿರುವುದು, ಕೆಲಸದ ಬಗ್ಗೆ ದೂರ ಅಥವಾ ತಾತ್ಸಾರ, ಕೈಯಿಂದ ಏನೂ ಆಗುತ್ತಿಲ್ಲ ಎನ್ನಿಸುವುದು. ಬರೀ ಮೊದಲನೆಯದಾದರೆ 10 ದಿನ ರಜೆ ಹಾಕಿ ನೋಡಿ. ವಾಪಸಾದ ಮೊದಲ ಬೆಳಿಗ್ಗೆಯೇ ಹೊಟ್ಟೆಯಲ್ಲಿ ಸಂಕಟ ಶುರುವಾದರೆ ಸಮಸ್ಯೆ ದಣಿವಿನದ್ದಲ್ಲ.

ಬಿಡುವುದು, ಇರುವುದು ಇವೆರಡರ ನಡುವೆ ಒಂದು ದಾರಿಯಿದೆ, ಅದರ ಬಗ್ಗೆ ಮಾತು ಕಡಿಮೆ. ನೋಟಿಸ್ ಅವಧಿ 90 ದಿನ ಇರುವವರಿಗೆ ಕೆಲಸದಲ್ಲಿದ್ದುಕೊಂಡು ಹುಡುಕುವುದೇ ಅಡ್ಡಿಯಾಗುತ್ತದೆ. ‘ಯಾವಾಗ ಸೇರುತ್ತೀರಿ?’ ಎಂಬ ಪ್ರಶ್ನೆಗೆ ಮೂರು ತಿಂಗಳು ಎಂದರೆ ಎಚ್‌ಆರ್‌ನವರ ದನಿ ತಣ್ಣಗಾಗುತ್ತದೆ. ಇಂಥವರು ರಾಜೀನಾಮೆ ಕೊಟ್ಟು ಆ 90 ದಿನದಲ್ಲಿ ಸಂಬಳ ಪಡೆಯುತ್ತಲೇ ಹುಡುಕಬಹುದು. ಕಡೆಯ 30 ದಿನಗಳಲ್ಲಿ ನಿಮಗೆ ಬೇಡಿಕೆ ಹೆಚ್ಚು. ಆದರೆ ರಾಜೀನಾಮೆಗೆ ಮೊದಲೇ ಬಯೋಡೇಟಾ ತಿದ್ದಿ, ಹತ್ತಾರು ಪರಿಚಿತರಿಗೆ ತಿಳಿಸಿ, ಒಂದೆರಡು ಸಂದರ್ಶನ ಎದುರಿಸಿ ಮಾರುಕಟ್ಟೆ ನೋಡಿರಬೇಕು. ನೋಟಿಸ್ ಅವಧಿ 15 ದಿನವೇ ಆಗಿದ್ದರೆ ಈ ಲಾಭವಿಲ್ಲ, ಕೆಲಸದಲ್ಲಿದ್ದೇ ಹುಡುಕಿ.

ಹಾಗೆ ಹುಡುಕುವುದಕ್ಕೆ ವಾರಕ್ಕೆ 5 ಗಂಟೆ ಸಾಕು, ಆದರೆ ಅದು ರಾತ್ರಿ 11ರ ಸತ್ತ ಗಂಟೆಗಳಾಗಬಾರದು. ಐವತ್ತು ಕಡೆ ಒಂದೇ ಬಯೋಡೇಟಾ ಎಸೆಯುವ ಬದಲು ಮೂರು ಕಡೆಗೆ ತಿದ್ದಿ ಕಳಿಸಿ. ಆಫೀಸಿನ ಲ್ಯಾಪ್‌ಟಾಪ್, ಆಫೀಸಿನ ಇಮೇಲ್ ಮುಟ್ಟಬೇಡಿ.

ಈ ಲೆಕ್ಕವನ್ನೆಲ್ಲ ಬದಿಗಿಡಬೇಕಾದ ಸಂದರ್ಭಗಳೂ ಇವೆ. ಸುಳ್ಳು ದಾಖಲೆಗೆ ಸಹಿ ಹಾಕಿಸುತ್ತಿದ್ದಾರೆ, ಲೈಂಗಿಕ ಕಿರುಕುಳ ಅಥವಾ ಹಲ್ಲೆ ನಡೆಯುತ್ತಿದೆ, ಸಾಯುವ ಯೋಚನೆ ಬರುತ್ತಿದೆ ಎಂದಾದರೆ ಮೊದಲು ಅಲ್ಲಿಂದ ಹೊರಬನ್ನಿ. ಆರೋಗ್ಯದ ಕಾರಣವಾದರೆ ರಾಜೀನಾಮೆಗಿಂತ ಮೊದಲು ವೈದ್ಯರನ್ನು ಕಂಡು ವೈದ್ಯಕೀಯ ರಜೆ ಕೇಳಿ. ಕಿರುಕುಳವಾದರೆ ದಿನಾಂಕ ಸಹಿತ ಬರೆದಿಟ್ಟು ದೂರು ಕೊಡಿ, ಹೊರಬಿದ್ದ ಮೇಲೆ ಸಾಕ್ಷ್ಯ ಕೈಗೆ ಸಿಗುವುದು ಕಷ್ಟ.

ಬಿಡುವುದೆಂದೇ ಆದರೆ, ಬಿಡುವ ಮುನ್ನ ಒಂದು ಗೆರೆ ಬರೆದಿಟ್ಟುಕೊಳ್ಳಿ: ಉಳಿತಾಯ 2 ತಿಂಗಳ ಖರ್ಚಿನ ಮಟ್ಟಕ್ಕೆ ಇಳಿದ ದಿನ ಗುತ್ತಿಗೆಯದ್ದೋ ಅರೆಕಾಲಿಕದ್ದೋ ಸಿಕ್ಕ ಕೆಲಸ ಹಿಡಿಯುವುದು ಎಂದು. ಗೆರೆ ಇಲ್ಲದವರು ದುಡ್ಡು ಪೂರ್ತಿ ಮುಗಿದ ಮೇಲೆ ಸಿಕ್ಕ ಮೊದಲ ಆಫರ್‌ಗೆ ತಲೆಯಾಡಿಸಿ, ಬಿಟ್ಟುಬಂದಂಥದ್ದೇ ಜಾಗಕ್ಕೆ ಹೋಗಿ ಬೀಳುತ್ತಾರೆ. ಸಂಬಳದ ಚೀಟಿ, ಅನುಭವ ಪತ್ರ, ಮೌಲ್ಯಮಾಪನದ ನಿಮ್ಮ ಪ್ರತಿ ಕಡೆಯ ದಿನದೊಳಗೆ ಕೈಯಲ್ಲಿರಲಿ. ಏಕೆ ಬಿಟ್ಟಿರಿ ಎಂದು ಸಂದರ್ಶನದಲ್ಲಿ ಕೇಳೇ ಕೇಳುತ್ತಾರೆ. ಉತ್ತರ ಎರಡು ವಾಕ್ಯ ಮೀರಬಾರದು: ‘ಆ ಪಾತ್ರದಲ್ಲಿ ಮುಂದೆ ಹೋಗಲು ದಾರಿ ಇರಲಿಲ್ಲ. ಗಮನವಿಟ್ಟು ಹುಡುಕಲು ಸಮಯ ತೆಗೆದುಕೊಂಡೆ.’ ಮೂರನೇ ವಾಕ್ಯದಲ್ಲಿ ಹಳೆಯ ಬಾಸ್ ಬಂದೇ ಬರುತ್ತಾನೆ.