ಹಗೇವು ತೆರೆದ ದಿನ

ನಮ್ಮ ಶಾಲೆಯನ್ನು ನೆನೆದರೆ ಈಗಲೂ ನನ್ನ ಮೂಗಿಗೆ ಗೋಧಿ ಉಪ್ಪಿಟ್ಟಿನ ವಾಸನೆ ಬಡಿಯುತ್ತದೆ.

1965-66ನೆಯ ಸಾಲು. ಮಳೆ ಕೈಕೊಟ್ಟ ವರ್ಷ. ನಾನು ಆರನೆಯ ತರಗತಿ. ಕನ್ನಂಬಾಡಿ ಕಟ್ಟೆಯ ನೀರು ಹರಿದ ಮಂಡ್ಯದ ಬಯಲಿನವರಿಗೆ ಭತ್ತ, ಕಬ್ಬು ಇತ್ತು. ನಾಗಮಂಗಲದ ಕಡೆಯ ನಮ್ಮ ಹೊಲಗಳಿಗೆ ಮುಗಿಲೇ ಗತಿ. ಹಬ್ಬಕ್ಕೆ, ನೆಂಟರಿಗೆ ಮಾತ್ರ ಅನ್ನ. ಮಿಕ್ಕ ದಿನ ರಾಗಿ ಹಿಟ್ಟು, ಹುರುಳಿಕಟ್ಟಿನ ಸಾರು, ಇಲ್ಲವೇ ಬದುವಿನಲ್ಲಿ ಕಿತ್ತು ತಂದ ಅಣ್ಣೆಸೊಪ್ಪಿನ ಉಪ್ಪೆಸರು. ಆ ವರ್ಷ ಬದುವೇ ಒಣಗಿತ್ತು. ರಾತ್ರಿಯ ಹಿಟ್ಟು ಹೋಗಿ ಅಂಬಲಿ ಬಂತು. ಅಂಬಲಿಯೂ ದಿನದಿಂದ ದಿನಕ್ಕೆ ನೀರಾಯಿತು.

ಶಾಲೆಯಲ್ಲಿ ಮಧ್ಯಾಹ್ನ ಅಮೆರಿಕದ ನೆರವು ಸಂಸ್ಥೆ ಕೇರ್‌ನ ಗೋಧಿ ನುಚ್ಚಿನ ಉಪ್ಪಿಟ್ಟು. ಎಣ್ಣೆಯ ಡಬ್ಬದ ಮೇಲೆ ಕೈಕುಲುಕುವ ಎರಡು ಕೈಗಳ ಚಿತ್ರ. ಮುತ್ತುಗದ ಎಲೆಯಲ್ಲಿ ಬಿದ್ದದ್ದನ್ನು ಅರ್ಧ ತಿಂದು, ಉಳಿದರ್ಧ ಮಡಚಿ ತಮ್ಮತಂಗಿಯರಿಗೆ ಒಯ್ಯುವವರು ನಮ್ಮಲ್ಲಿ ಅನೇಕರಿದ್ದರು. ಮೇಷ್ಟ್ರು ನೋಡಿಯೂ ನೋಡದಂತೆ ಇರುತ್ತಿದ್ದರು.

ಸೋಮವಾರ ರಾತ್ರಿ ಒಂದು ಊಟ ಬಿಡಿ ಎಂದು ಪ್ರಧಾನಿ ಶಾಸ್ತ್ರಿಯವರು ದೇಶಕ್ಕೆ ಕರೆ ಕೊಟ್ಟದ್ದನ್ನು ಮೇಷ್ಟ್ರು ಪ್ರಾರ್ಥನೆಯ ವೇಳೆ ಹೇಳಿದರು. ನನ್ನ ಪಕ್ಕದಲ್ಲಿ ನಿಂತಿದ್ದ ಗೆಳೆಯ ಕೈಯೆತ್ತಿ, 'ಮಂಗಳವಾರ ಊಟ ಮಾಡಲೇಬೇಕಾ ಸಾರ್?' ಎಂದು ಕೇಳಿದ. ಅವನ ಮನೆಯಲ್ಲಿ ಆ ವಾರ ಒಲೆ ಹತ್ತಿದ್ದು ಎರಡೇ ಸಲ. ಮೇಷ್ಟ್ರ ದನಿ ಕಟ್ಟಿತು. ಅಂದು ಅವರು ಪಾಠ ಮಾಡಲಿಲ್ಲ.

ಆ ಬೇಸಿಗೆಯಲ್ಲಿ ನಮ್ಮಜ್ಜಿ ಹಗೇವು ತೆರೆಸಿದಳು. ಮನೆಯ ಮುಂದೆ ನೆಲದಡಿ ತೋಡಿದ್ದ ರಾಗಿಯ ಗುಂಡಿ. ಬಾಯಿಗೆ ಚಪ್ಪಡಿ, ಮೇಲೆ ಮಣ್ಣು. ಚಪ್ಪಡಿ ಎತ್ತಿದ ಕೂಡಲೇ ಯಾರನ್ನೂ ಇಳಿಯಗೊಡಲಿಲ್ಲ. ಒಳಗಿನ ಗಾಳಿ ಕೊಲ್ಲುತ್ತದೆ. ಒಂದು ಹಗಲು, ಒಂದು ರಾತ್ರಿ ಬಿಟ್ಟು, ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟಳು. ದೀಪ ಆರಿತು. ಮರುದಿನ ಮತ್ತೆ ಇಳಿಬಿಟ್ಟಾಗ ನಿಂತು ಉರಿಯಿತು. ಆಮೇಲೆ ಅಪ್ಪ ಇಳಿದರು. ಹತ್ತು ವರ್ಷದ ಹಿಂದೆ ತುಂಬಿದ್ದ ರಾಗಿ. ಮುಗ್ಗಲು ವಾಸನೆ ಬಿಟ್ಟರೆ ಹುಳುವಿಲ್ಲ, ಬೂಷ್ಟಿಲ್ಲ.

'ಧಾತು, ಈಶ್ವರ ಸಂವತ್ಸರದ ಬರದಲ್ಲಿ ಹುಣಸೆ ಬೀಜ ಹುರಿದು ತಿಂದರಂತೆ, ಅದೂ ಮುಗಿದ ಮೇಲೆ ಊರು ಬಿಟ್ಟರಂತೆ' ಎಂದು ಅಜ್ಜಿ ತನ್ನ ತಾಯಿಯಿಂದ ಕೇಳಿದ್ದನ್ನು ಹೇಳುತ್ತಿದ್ದಳು. ಅದು 1876-78ರ ಕ್ಷಾಮವೆಂದು ತಿಳಿದದ್ದು ನಾನು ಕಾಲೇಜಿಗೆ ಹೋದಾಗ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷ. ಆ ಅಂಕಿಗಳನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಅಜ್ಜಿ ಇಳಿಬಿಟ್ಟ ಲಾಟೀನು.

ಮೇಲೆ ಬಂದ ಮೊದಲ ಮೊರ ರಾಗಿಯನ್ನು ಅಜ್ಜಿ ನನ್ನ ತಲೆಯ ಮೇಲಿಟ್ಟು ಆ ಗೆಳೆಯನ ಮನೆಗೆ ಕಳಿಸಿದಳು. ಹಿತ್ತಿಲ ಬಾಗಿಲಿನಿಂದ ಹೋಗು, ಶಾಲೆಯಲ್ಲಿ ಬಾಯಿ ಬಿಡಬೇಡ ಎಂದಳು. ಅವನ ತಾಯಿ ಮೊರವನ್ನು ಇಳಿಸಿಕೊಂಡು, ಒಂದು ಮುಷ್ಟಿ ರಾಗಿಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನಿಂತಿದ್ದರು.