ಹೊಸ ಬೈಕನ್ನೇ ಕೊಳ್ಳಬಹುದಿತ್ತಲ್ಲ?

“ಇದಕ್ಕೆ ಸುರಿದ ಹಣಕ್ಕೆ ಹೊಸ ಬೈಕೇ ಬರುತ್ತಿತ್ತಲ್ಲ?” ನನ್ನ ಹಳೆಯ ಹೋಂಡಾ ಎಸ್‌ಟಿ 1100ರ ಸುತ್ತ ಒಂದು ಸುತ್ತು ಬಂದವರೆಲ್ಲ ಕೇಳುವುದು ಇದನ್ನೇ. ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಈ ಬರಹವನ್ನು ಕಳಿಸುತ್ತೇನೆ.

ಕೊಳ್ಳಬಹುದಿತ್ತು. ಕೊಂಡಿದ್ದರೆ ಅದನ್ನೂ ಹೀಗೆಯೇ ನನ್ನ ಮೈಗೆ ತಕ್ಕಂತೆ ಮಾರ್ಪಡಿಸುತ್ತಿದ್ದೆ. ಇಂಥ ಸ್ಪೋರ್ಟ್ ಟೂರಿಂಗ್ ಬೈಕು ಇರುವುದು ದಿನವಿಡೀ ವೇಗವಾಗಿ ಓಡಿಸಲಿಕ್ಕೆ. ಅಂಥ ಬೈಕಿನಲ್ಲಿ ಸವಾರನ ದೇಹಕ್ಕೂ ಸೀಟಿಗೂ ಹ್ಯಾಂಡಲಿಗೂ ಗಾಳಿತಡೆಗೂ (ಮುಂದಿನ ವಿಂಡ್‌ಸ್ಕ್ರೀನು) ನಡುವಿನ ಅಳತೆ ಎರಡು ಬೆರಳಷ್ಟು ತಪ್ಪಿದರೂ ಸಂಜೆಯ ಹೊತ್ತಿಗೆ ಕತ್ತು, ಮಣಿಕಟ್ಟು ಎರಡೂ ನೋಯುತ್ತವೆ. ಕಾರ್ಖಾನೆ ಒಬ್ಬ ಸರಾಸರಿ ಸವಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಬೈಕನ್ನು ಮಾಡುತ್ತದೆ. ಆ ಸವಾರ ನಾನಲ್ಲ. ನಿನ್ನೆ ಶೋರೂಮಿನಿಂದ ಹೊರಬಿದ್ದ ಬೈಕಿಗೂ ನನ್ನ ಎತ್ತರ ಗೊತ್ತಿರುವುದಿಲ್ಲ. ಎಸ್‌ಟಿ 1100 ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಅದರ ವಿ ಆಕಾರದ ನಾಲ್ಕು ಸಿಲಿಂಡರಿನ ಎಂಜಿನ್ನು, ಚೈನಿನ ಬದಲು ಇರುವ ಶಾಫ್ಟು, 28 ಲೀಟರಿನ ಟ್ಯಾಂಕು ಇವತ್ತಿಗೂ ದೂರದ ದಾರಿಗೆ ಹೇಳಿ ಮಾಡಿಸಿದಂತಿವೆ. ಇಂಥ ಬೈಕಿನಲ್ಲಿ ಬದಲಾಯಿಸಬೇಕಾದದ್ದು ಮುಖ್ಯವಾಗಿ ಸವಾರನಿಗೆ ತಾಗುವ ಭಾಗಗಳನ್ನು.

ಒಮ್ಮೆ ಪೆಟ್ರೋಲ್ ಬಂಕಿನಲ್ಲಿ ಒಬ್ಬರು ನನ್ನ ಗಾಳಿತಡೆಯ ಬ್ರ್ಯಾಕೆಟನ್ನು ಉಗುರಿನಿಂದ ಕುಟ್ಟಿ ನೋಡಿದರು. “ಇದನ್ನು ಮನೆಯಲ್ಲೇ ಮಾಡಿದಿರಾ?” ಎಂದರು. ಹೌದೆಂದೆ. ನಕ್ಕರು. ಆಮೇಲೆ ಅದೇ ಪ್ರಶ್ನೆ: ಹೊಸದನ್ನೇ ತೆಗೆದುಕೊಳ್ಳಬಹುದಿತ್ತಲ್ಲ? ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ತಮ್ಮ ಕಾರಿನ ಬಾಗಿಲು ಹಾಕಿಕೊಂಡಿದ್ದರು. ನನಗೆ ಸಿಟ್ಟು ಬರುವುದು ಇದಕ್ಕೆ. ಪ್ರಶ್ನೆಯೊಳಗೆ ತೀರ್ಪನ್ನು ಇಟ್ಟುಕೊಂಡೇ ಬರುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ.

ನಿಂತಿದ್ದರೆ ಆ ಬ್ರ್ಯಾಕೆಟಿನ ಬಗ್ಗೆ ಹೇಳುತ್ತಿದ್ದೆ. ಗಾಳಿತಡೆ ಎತ್ತರವಾದಷ್ಟೂ ಒಳ್ಳೆಯದು ಎಂದು ಬಹಳ ಜನ ನಂಬಿದ್ದಾರೆ, ಅದು ನಿಜವಲ್ಲ. ಗಾಳಿ ಅದರ ಮೇಲಂಚನ್ನು ದಾಟುವಾಗ ಸುಳಿಯಾಗಿ ಒಡೆಯುತ್ತದೆ. ಆ ಸುಳಿ ಹೆಲ್ಮೆಟ್ಟಿಗೆ ಬಡಿದರೆ ತಲೆ ಅಲುಗಾಡುತ್ತದೆ, ಕಿವಿಯಲ್ಲಿ ಗುಡುಗು. ಎದೆಗೆ ಬಂದರೆ ತಲೆ ಸುಳಿಯಿಲ್ಲದ ಗಾಳಿಯಲ್ಲಿ ಹಾಯಾಗಿರುತ್ತದೆ. ತೀರಾ ಎತ್ತರದ ಗಾಳಿತಡೆಯ ಹಿಂದೆ ಒತ್ತಡ ಕುಸಿಯುವುದರಿಂದ ಹಿಂದಿನ ಗಾಳಿ ಬೆನ್ನನ್ನು ಮುಂದಕ್ಕೆ ನೂಕುತ್ತದೆ. ಇದಕ್ಕೆ ಮದ್ದು ಗಾಳಿತಡೆಯ ಕೆಳಅಂಚಿನಲ್ಲಿ ಒಂದು ಸಂದು ಬಿಡುವುದು. ಅಲ್ಲಿಂದ ನುಗ್ಗುವ ಗಾಳಿ ಹಿಂಬದಿಯ ಒತ್ತಡವನ್ನು ತುಂಬುತ್ತದೆ, ಸುಳಿಯೂ ಸಣ್ಣದಾಗುತ್ತದೆ. ನನ್ನ ಬ್ರ್ಯಾಕೆಟ್ ಮಾಡುವುದು ಇಷ್ಟೇ: ಗಾಳಿತಡೆಯನ್ನು ಮುಂದಕ್ಕೆ ಸರಿಸಿ ಆ ಸಂದನ್ನು ಕಾಯುತ್ತದೆ. ನನ್ನ ತಲೆಯ ಎತ್ತರಕ್ಕೆ ಸಂದು ಎಷ್ಟಿರಬೇಕು ಎಂಬುದನ್ನು ಯಾವ ಅಂಗಡಿಯೂ ಹೇಳಲಾರದು. ಅದಕ್ಕೇ ರಟ್ಟಿನಲ್ಲಿ ಮಾದರಿ ಕತ್ತರಿಸಿ, ತಗಡಿನಲ್ಲಿ ಮಾಡಿ, ಓಡಿಸಿ ನೋಡಿ, ಮತ್ತೆ ಕತ್ತರಿಸಿದ್ದು.

ಅವರು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು. ಇದು ಮುರಿದರೆ ಏನಾಗುತ್ತದೆ?

ಇದನ್ನು ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಿದ್ದೇನೆ. ಯಾವುದನ್ನು ನಾನೇ ಮಾಡಬೇಕು, ಯಾವುದನ್ನು ಕೊಳ್ಳಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದೆಲ್ಲ ನನ್ನ ಶೆಡ್ಡಿನಲ್ಲಿ ನಿರ್ಧಾರವಾಗುವುದು ಈ ಒಂದು ಪ್ರಶ್ನೆಯಿಂದ.

ಗಾಳಿತಡೆಯ ಬ್ರ್ಯಾಕೆಟ್ ಮುರಿದರೆ ಗಾಳಿತಡೆ ಗಡಗಡ ಸದ್ದು ಮಾಡುತ್ತದೆ, ಉಳಿದ ಬೋಲ್ಟುಗಳು ಹಿಡಿದುಕೊಂಡಿರುತ್ತವೆ, ನಾನು ಬದಿಗೆ ನಿಲ್ಲಿಸುತ್ತೇನೆ. ಹಾಗಾಗಿ ಅದನ್ನು ಮನೆಯಲ್ಲಿ ಮಾಡಬಹುದು. ಆದರೂ ಮುರಿಯದಂತೆಯೇ ಮಾಡಬೇಕು. ಅಲ್ಯೂಮಿನಿಯಂ ಎಂದರೆ ಎಲ್ಲವೂ ಒಂದೇ ಅಲ್ಲ. 6061 ಟಿ6 ಎಂಬ ಮಿಶ್ರಲೋಹ ಬಲವಾದದ್ದು ನಿಜ, ಬಿಗಿಯಾಗಿ ಬಗ್ಗಿಸಿದರೆ ಮಡಿಕೆಯ ಹೊರಮೈಯಲ್ಲಿ ಬಿರುಕು ಬಿಡುತ್ತದೆ. ಬಗ್ಗಿಸುವ ಕೆಲಸಕ್ಕೆ 5052 ಎಂಬ ಇನ್ನೊಂದು ಬಗೆ ಸೂಕ್ತ. ಮಡಿಕೆಯ ಗೆರೆಯನ್ನು ಮೊಳೆಯಿಂದ ಗೀರಬಾರದು, ಮಾರ್ಕರಿನಲ್ಲಿ ಎಳೆಯಬೇಕು. ಕಂಪನದಲ್ಲಿ ಬಿರುಕು ಹುಟ್ಟುವುದು ಅಂಥ ಗೀರಿನಿಂದಲೇ. ರಂಧ್ರಗಳ ಅಂಚನ್ನು ಅರದಿಂದ ಉಜ್ಜಿ ನಯಮಾಡಬೇಕು. ಗಾಳಿತಡೆಗೂ ಲೋಹಕ್ಕೂ ನಡುವೆ ರಬ್ಬರ್ ಇರಲೇಬೇಕು.

ಹ್ಯಾಂಡಲನ್ನು ಎತ್ತರಿಸುವ ತುಂಡು ಮುರಿದರೆ ನಾನು ಉಳಿಯುವುದಿಲ್ಲ. ಅದನ್ನು ಕೊಂಡೆ, ಬಿಗಿತವನ್ನು ಅಳೆಯುವ ಸ್ಪ್ಯಾನರಿನಿಂದಲೇ (ಟಾರ್ಕ್ ರೆಂಚ್) ಬಿಗಿದೆ. ಆಮೇಲೆ ಎಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ತಿರುಗಿಸಿದೆ. ಆಗ ಎಂಜಿನ್ನಿನ ವೇಗ ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಸಾಲುತ್ತಿಲ್ಲ ಎಂದರ್ಥ. ಬ್ರೇಕಿನ ಮೆದುಗೊಳವೆ ಎಲ್ಲಿಯೂ ಬಿಗಿಯಾಗಿ ಎಳೆದಂತಿರಬಾರದು. ಬ್ರೇಕಿಗೆ ಸಂಬಂಧಿಸಿದ ಒಂದು ವಾಷರನ್ನೂ ನಾನು ಮನೆಯಲ್ಲಿ ಮಾಡುವುದಿಲ್ಲ.

ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಸ್ಪ್ರಿಂಗ್ ಮೇಲೆ ಕೂರುವ ಕೊಳವೆ ನಾನೇ ಕತ್ತರಿಸಿದ ಪಿವಿಸಿ ಪೈಪು. ಇದನ್ನು ಕೇಳಿ ಹೌಹಾರುವವರಿದ್ದಾರೆ. ಮಾರುಕಟ್ಟೆಯ ಸ್ಪ್ರಿಂಗುಗಳ ಜೊತೆಗೆ ಕತ್ತರಿಸಿಕೊಳ್ಳಲೆಂದು ಅದೇ ಪೈಪನ್ನು ಕೊಡುವುದೂ ಉಂಟು. ತುದಿಗಳಲ್ಲಿ ಉಕ್ಕಿನ ವಾಷರ್ ಇಟ್ಟು, ನಾನು ಕೂತಾಗ ಮುಂಭಾಗ 30ರಿಂದ 35 ಮಿಲಿಮೀಟರ್ ಕುಸಿಯುವಂತೆ ಉದ್ದವನ್ನು ಹೊಂದಿಸಬೇಕು. ಪೈಪು ಬಿರಿದರೆ ಬೈಕಿನ ಮೂತಿ ತುಸು ಕೆಳಗಿಳಿಯುತ್ತದೆ, ಅದು ಕೈಗೆ ಕೂಡಲೇ ತಿಳಿಯುತ್ತದೆ.

ವಿದ್ಯುತ್ತಿನಲ್ಲಿ ಇದೇ ಪ್ರಶ್ನೆಗೆ ಉತ್ತರ ಫ್ಯೂಸು. ಈ ಬೈಕಿನ ಮೊದಲ ವರ್ಷಗಳ ಮಾದರಿಗಳಲ್ಲಿ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್ ಕೊಡುವುದು 28 ಆಂಪಿಯರ್, ನಂತರ ಬಂದವುಗಳಲ್ಲಿ 40. ನನ್ನದು ಹಳೆಯದು. ದೀಪ, ಇಗ್ನಿಷನ್, ಫ್ಯಾನು ತಮ್ಮ ಪಾಲನ್ನು ತೆಗೆದುಕೊಂಡ ಮೇಲೆ ಉಳಿಯುವುದು ಸ್ವಲ್ಪವೇ. ಬಿಸಿಯಾಗುವ ಹಿಡಿಕೆ, ಬಿಸಿ ಜಾಕೆಟ್ಟು, ಹೆಚ್ಚುವರಿ ದೀಪ ಎಂದು ಒಂದೊಂದಾಗಿ ಸೇರಿಸುತ್ತ ಹೋದರೆ ಬೈಕು ಓಡುತ್ತಿರುವಾಗಲೇ ಬ್ಯಾಟರಿ ಬರಿದಾಗುತ್ತದೆ. ಮೊದಲು ಲೆಕ್ಕ, ಆಮೇಲೆ ತಂತಿ. ನಾನು ಸೇರಿಸಿದ ಎಲ್ಲವೂ ಪ್ರತ್ಯೇಕ ಫ್ಯೂಸ್ ಪೆಟ್ಟಿಗೆಗೆ ಹೋಗುತ್ತದೆ, ಬೀಗದ ಕೈ ತಿರುಗಿಸಿದರೆ ಮಾತ್ರ ರಿಲೇ (ವಿದ್ಯುತ್ತಿನಿಂದಲೇ ಆಡುವ ಸ್ವಿಚ್ಚು) ಅದಕ್ಕೆ ವಿದ್ಯುತ್ ಕೊಡುತ್ತದೆ. ಮುಖ್ಯ ಫ್ಯೂಸ್ ಬ್ಯಾಟರಿಗೆ ಅಂಟಿದಷ್ಟು ಹತ್ತಿರದಲ್ಲಿದೆ. ಅದು ಕಾಯಬೇಕಾದದ್ದು ಅದರ ಮುಂದಿನ ತಂತಿಯನ್ನು. ನಾನು ಸೇರಿಸಿದ್ದರಲ್ಲಿ ಎಲ್ಲಿ ಶಾರ್ಟ್ ಆದರೂ ಹಿಡಿಕೆ ಆರಿ ಕೈ ತಣ್ಣಗಾಗುತ್ತದೆ, ಎಂಜಿನ್ ನಿಲ್ಲುವುದಿಲ್ಲ.

ಸೀಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೆತ್ತಗಿನ ಸೀಟು ಅಂಗಡಿಯಲ್ಲಿ ಕೂತಾಗ ಮಾತ್ರ ಹಿತ. ಗಟ್ಟಿ ಸ್ಪಂಜು ಹಾಕಿ, ಟ್ಯಾಂಕಿನ ಕಡೆಗೆ ಜಾರದಂತೆ ಸಮತಟ್ಟು ಮಾಡಿ, ಅಷ್ಟೆ.

ಕೇಳಬೇಕಾದ ಇನ್ನೊಂದು ಪ್ರಶ್ನೆಯೂ ಇದೆ: ಇದನ್ನೆಲ್ಲ ಬಿಚ್ಚಬಹುದೇ? ಬಿಚ್ಚಬಹುದು. ಚೌಕಟ್ಟಿಗೆ ನಾನು ಎಲ್ಲಿಯೂ ಡ್ರಿಲ್ ಹಾಕಿಲ್ಲ, ಕಾರ್ಖಾನೆಯ ತಂತಿಯನ್ನು ಎಲ್ಲಿಯೂ ಕತ್ತರಿಸಿಲ್ಲ. ಅಲ್ಯೂಮಿನಿಯಂಗೆ ಹೋಗುವ ಸ್ಟೀಲ್ ಬೋಲ್ಟುಗಳಿಗೆಲ್ಲ ಕಚ್ಚಿಕೊಳ್ಳದಂತೆ ಗ್ರೀಸ್ ಹಚ್ಚಿದ್ದೇನೆ. ತೆಗೆದ ಮೂಲ ಭಾಗಗಳು ತಮ್ಮ ಬೋಲ್ಟುಗಳ ಸಮೇತ ಚೀಟಿ ಅಂಟಿಸಿದ ಡಬ್ಬಿಗಳಲ್ಲಿವೆ, ತಂತಿಗಳ ಬಣ್ಣದ ನಕ್ಷೆ ಸೀಟಿನ ಅಡಿಯಲ್ಲಿದೆ. ಈ ಬೈಕನ್ನು ನನ್ನ ನಂತರ ಕೊಳ್ಳುವವರ ದೇಹದ ಅಳತೆಯೂ ಬೇರೆ ಇರುತ್ತದೆ. ಬೇಕಾದದ್ದನ್ನು ಅವರು ಉಳಿಸಿಕೊಳ್ಳಲಿ, ಬೇಡವಾದದ್ದನ್ನು ಬಿಚ್ಚಿ ತಮ್ಮದನ್ನು ಹಾಕಿಕೊಳ್ಳಲಿ.