ಎಲ್ಲಾ ಇಂಟರಪ್ಟ್ ಬಂದ್ ಮಾಡಿಬಿಟ್ರ ಆತಲ್ರಿ, ಲೆವೆಲ್ ಯಾಕ ಬೇಕು?

ಫೈನಲ್ ಇಯರ್ ಪ್ರಾಜೆಕ್ಟ್ ಟೈಮ್ ಬಂತಂದ್ರ ಹುಬ್ಬಳ್ಳಿ ವಿದ್ಯಾನಗರದ ಹುಡುಗೂರಿಂದ ನನಗ ಈ ಪ್ರಶ್ನೆ ಬರೋದು ಚಾಲೂ ಆಗ್ತೈತಿ. ಕೇಳೋ ಧಾಟಿ ಬ್ಯಾರೆ ಬ್ಯಾರೆ, ವಿಷಯ ಒಂದ: "ಸರ, ಕರ್ನಲ್‌ನ್ಯಾಗ ನಾಜೂಕಿನ ಕೆಲಸ ಮಾಡುವಾಗ ಎಲ್ಲಾ ಇಂಟರಪ್ಟ್ ಬಂದ್ ಮಾಡಿ, ಮುಗದ ಮ್ಯಾಲೆ ಚಾಲೂ ಮಾಡಿದ್ರ ಆತಲ್ರಿ, ಈ ಪ್ರಯಾರಿಟಿ ಲೆವೆಲ್ ಲಫಡಾ ಯಾಕ?"

ಮೊದಲ ಹೆಸರು ತಿಳಕೋರಿ: ಇಂಟರಪ್ಟ್ ಅಂದ್ರ ಡಿವೈಸ್ ಪ್ರೊಸೆಸರ್‌ಗೆ "ನನ್ನ ಕಡೆ ನೋಡು" ಅಂತ ಹಾಕೋ ಕೂಗು, ಅದು ಬಂದಾಗ ಓಡೋ ಕೋಡ್‌ಗೆ ಹ್ಯಾಂಡ್ಲರ್ ಅಂತಾರ, ಕರ್ನಲ್ ಅಂದ್ರ ಆಪರೇಟಿಂಗ್ ಸಿಸ್ಟಮ್‌ನ ಒಳತಿರುಳು. ಒಂದೆರಡ ಡಿವೈಸ್ ಇರೋ ಸಣ್ಣ ಬೋರ್ಡ್ ಇದ್ರ ನೀವು ಹೇಳೋದು ಖರೇನ ಐತಿ, ಹಂಗ ಮಾಡ್ರಿ, ಯಾರೂ ಬೈಯಂಗಿಲ್ಲ. ಆದ್ರ ಡಿವೈಸ್ ಹೆಚ್ಚಾದಂಗ ಎಲ್ಲಾರ ಬಾಯಿ ಒಮ್ಮಿಗೇ ಮುಚ್ಚೋದು ತುಟ್ಟಿ ಬೀಳ್ತೈತಿ.

ಎಷ್ಟು ತುಟ್ಟಿ ಅಂತ ಲೆಕ್ಕ ಹಾಕೂಣು. ಸೀರಿಯಲ್ ಪೋರ್ಟ್ 1,15,200 ಬಾಡ್‌ನ್ಯಾಗ, ಅಂದ್ರ ಸೆಕೆಂಡಿಗೆ ಅಷ್ಟು ಬಿಟ್‌ಲೆ, ಓಡಾಕತ್ತೈತಿ ಅಂತ ತಿಳಕೋರಿ. ಒಂದು ಬೈಟ್‌ಗೆ ಸ್ಟಾರ್ಟ್ ಬಿಟ್, ಸ್ಟಾಪ್ ಬಿಟ್ ಸೇರಿ 10 ಬಿಟ್, ಅಂದ್ರ ಸೆಕೆಂಡಿಗೆ 11,520 ಬೈಟ್, ಒಂದೊಂದಕ್ಕ ಸುಮಾರು 87 ಮೈಕ್ರೋಸೆಕೆಂಡ್. ಬಂದ ಬೈಟ್ ಇಡಾಕ ಚಿಪ್‌ನ್ಯಾಗ ಒಂದ ಜಾಗ ಇದ್ರ, ಮುಂದಿನ ಬೈಟ್ ಪೂರ್ತಿ ಬರೋದ್ರೊಳಗ ನೀವು ಹಿಂದಿಂದನ್ನ ಓದಿ ತಗೊಂಡಿರಬೇಕು. ನೀವು ಡಿಸ್ಕ್ ಕ್ಯೂ ಸರಿ ಮಾಡ್ಕೋತ 200 ಮೈಕ್ರೋಸೆಕೆಂಡ್ ಎಲ್ಲಾ ಬಂದ್ ಮಾಡಿ ಕುಂತ್ರಿ ಅಂದ್ರ ಬೈಟ್ ಹೋತು, ಬೈಟ್ ತಪ್ಪಿತು ಅಂತ ಹೇಳೋ ಓವರ್‌ರನ್ ಫ್ಲ್ಯಾಗ್ ಒಂದ ಉಳೀತು. ಜೀಪಿಎಸ್ ಮಾಡ್ಯೂಲ್‌ನಿಂದ ಅರ್ಧಂಬರ್ಧ ಲೈನ್ ಬರಾಕತ್ತಾವು ಅಂತ ವೈರ್ ಬದಲಿ ಮಾಡ್ಕೋತ ಕುಂದರೋ ಹುಡುಗೂರಿಗೆ ನಾ ಮೊದಲ ಈ ಲೆಕ್ಕ ಮಾಡಿಸ್ತೀನಿ. ಡಿಸ್ಕ್ ಕ್ಯೂಗೆ ಸೀರಿಯಲ್ ಪೋರ್ಟ್‌ಗೆ ಸಂಬಂಧನ ಇಲ್ಲ, ಸುಮ್ನ ಅದನ್ಯಾಕ ತಡದ್ರಿ?

ಲೆವೆಲ್ ಅನ್ನೋದು ಇಲ್ಲಿ ಬರ್ತೈತಿ: ಪ್ರೊಸೆಸರ್ ಒಂದು ಲೆವೆಲ್‌ನ್ಯಾಗ ಇದ್ರ ಅದ ಲೆವೆಲ್ ಮತ್ತ ಅದಕ್ಕಿಂತ ಕೆಳಗಿನ ಇಂಟರಪ್ಟ್ ಕಾಯ್ತಾವು, ಮ್ಯಾಲಿನವು ಒಳಗ ಬರ್ತಾವು. ಹಳೇ ಪಿಡಿಪಿ-11 ಮಶೀನ್‌ನ್ಯಾಗ ಪ್ರೊಸೆಸರ್ ಸ್ಟೇಟಸ್ ವರ್ಡ್ ಒಳಗ ಮೂರು ಬಿಟ್ ಇದಕ್ಕಂತ ಇಟ್ಟಿದ್ರು, 0 ದಿಂದ 7. ಟರ್ಮಿನಲ್ 4 ರಾಗ, ಡಿಸ್ಕ್ 5 ರಾಗ, ಕ್ಲಾಕ್ 6 ರಾಗ. ಪ್ರೊಸೆಸರ್ 5 ಕ್ಕ ಏರಿಸಿದ್ರ ಟರ್ಮಿನಲ್ಲೂ ಡಿಸ್ಕೂ ತಡೀತಾವು, ಕ್ಲಾಕ್ ಮಾತ್ರ ಒಳಗ ಬರ್ತೈತಿ. ಯುನಿಕ್ಸ್‌ನ್ಯಾಗ ಇದಕ್ಕ ಎಸ್‌ಪಿಎಲ್ ಅಂತ ಶುರುವಾಗೋ ಫಂಕ್ಷನ್ ಇದ್ವು, ಮುಂದ ಬಿಎಸ್‌ಡಿ (ಯುನಿಕ್ಸ್‌ನ ಒಂದು ಕವಲು) ಮಂದಿ ನಂಬರ್ ಬಿಟ್ಟು ಎಸ್‌ಪಿಎಲ್-ಬಯೋ (ಡಿಸ್ಕ್), ಎಸ್‌ಪಿಎಲ್-ನೆಟ್ (ನೆಟ್‌ವರ್ಕ್), ಎಸ್‌ಪಿಎಲ್-ಹೈ (ಎಲ್ಲಾ) ಅಂತ ಕೆಲಸದ ಮ್ಯಾಲೆ ಹೆಸರಿಟ್ರು. ಅದು ಶಾಣ್ಯಾ ಕೆಲಸ, ಯಾಕಂದ್ರ ಮಶೀನ್ ಬದಲಾದ್ರ ನಂಬರ್ ಬದಲಾಗ್ತಾವು, "ಡಿಸ್ಕ್ ಹ್ಯಾಂಡ್ಲರ್ ಬರಬಾರದು" ಅನ್ನೋದು ಬದಲಾಗಂಗಿಲ್ಲ.

ಕ್ಲಾಸ್‌ನ್ಯಾಗ ಲೆವೆಲ್ ಅಂದ್ರ ಆಂಬುಲೆನ್ಸ್‌ಗೆ ದಾರಿ ಬಿಟ್ಟಂಗ ಅಂತ ಹೇಳಿಕೊಡ್ತಾರ, ನಮ್ಮೂರಾಗ ಚಿಗರಿ ಬಸ್ಸಿಗಂತ ಬಿಟ್ಟ ಲೇನ್ ತೋರಿಸಿ ಹೇಳೋವ್ರೂ ಅದಾರ. ಹಾರ್ಡ್‌ವೇರ್ ಕಡೆಯಿಂದ ನೋಡಿದ್ರ ಅದು ನಡೀತೈತಿ, ಯಾವ ಡಿವೈಸ್‌ಗೆ ಕಾಯೋ ತ್ರಾಣ ಕಮ್ಮಿ ಅದಕ್ಕ ಮ್ಯಾಲಿನ ಲೆವೆಲ್. ಆದ್ರ ಕೋಡ್ ಬರಿಯೋ ನಿಮಗ ಆ ಉದಾಹರಣೆ ದಾರಿ ತಪ್ಪಿಸ್ತೈತಿ, ಯಾಕಂದ್ರ ಹುಡುಗೂರು ನನ್ನ ಕೆಲಸ ಭಾಳ ಇಂಪಾರ್ಟೆಂಟ್ ಅಂತ ಸೀದಾ ಎಲ್ಲಾಕಿಂತ ಮ್ಯಾಲೆ ಏರಿ ಕುಂದರ್ತಾರ. ನೀವು ಕೇಳಬೇಕಾಗಿದ್ದು ಅದಲ್ಲ. ನಾ ಮುಟ್ಟಾಕತ್ತಿರೋ ಈ ಡೇಟಾನ ಯಾವ್ಯಾವ ಹ್ಯಾಂಡ್ಲರ್ ಮುಟ್ತಾವು, ಅದರಾಗ ಎಲ್ಲಾಕಿಂತ ಮ್ಯಾಲಿಂದು ಯಾವುದು? ಅಲ್ಲಿಗೆ ಏರಿಸ್ರಿ, ಅದಕ್ಕಿಂತ ಒಂದು ಮೆಟ್ಟಲೂ ಹೆಚ್ಚು ಬ್ಯಾಡ. ಕಮ್ಮಿ ಏರಿಸಿದ್ರ ಡೇಟಾ ಕೆಡ್ತೈತಿ, ಹೆಚ್ಚು ಏರಿಸಿದ್ರ ಮ್ಯಾಲೆ ಹೇಳಿದ ಬೈಟ್ ಹೋಗ್ತೈತಿ.

ಏರಿಸೋದು ಎಲ್ಲಾರಿಗೂ ಬರ್ತೈತಿ, ಇಳಸೋದ್ರಾಗ ಗಡಬಡ ಆಗ್ತೈತಿ. ಒಂದು ಫಂಕ್ಷನ್ ಡಿಸ್ಕ್ ಲೆವೆಲ್‌ಗೆ ಏರಿಸಿ ಕ್ಯೂನ್ಯಾಗ ಬಫರ್ ಜೋಡಿಸಾಕತ್ತೈತಿ, ನಡುವ ಇನ್ನೊಂದು ಫಂಕ್ಷನ್ ಕರೀತು, ಅದೂ ಏರಿಸ್ತು, ತನ್ನ ಕೆಲಸ ಮುಗಿಸಿ ಸೀದಾ ಸೊನ್ನೆಗೆ ಇಳಿಸಿ ವಾಪಸ್ ಬಂತು. ಈಗ ಮೊದಲನೇದು ಇನ್ನೂ 5 ರಾಗ ಅದೀನಿ ಅಂತ ತಿಳಕೊಂಡು ಎರಡನೇ ಪಾಯಿಂಟರ್ ಬರಿಯಾಕ ಹೊಂಟೈತಿ, ಆದ್ರ ಬಾಗಲಾ ತೆರದ ಬಿಟ್ಟೈತಿ, ಅದ ಟೈಮಿಗೆ ಡಿಸ್ಕ್ ಇಂಟರಪ್ಟ್ ಬಂದು ಅರ್ಧ ಜೋಡಿಸಿದ ಕ್ಯೂ ಮ್ಯಾಲೆ ನಡಕೊಂಡು ಹೋತು. ಈ ಬಗ್ ವಾರಕ್ಕೊಮ್ಮೆ ಕಾಣಿಸ್ಕೋತೈತಿ, ಪ್ರಿಂಟ್ ಹಾಕಿದ್ರ ಕಾಣಂಗಿಲ್ಲ. ಅದಕ್ಕ ಬಿಎಸ್‌ಡಿನ್ಯಾಗ ಏರಿಸೋ ಫಂಕ್ಷನ್ ಹಳೇ ಲೆವೆಲ್ಲನ್ನ ವಾಪಸ್ ಕೊಡ್ತೈತಿ, ನೀವು ಅದನ್ನ ಇಟಗೊಂಡು ಕಡೀಕ ಎಸ್‌ಪಿಎಲ್-ಎಕ್ಸ್‌ಗೆ ಕೊಡಬೇಕು. ಲಿನಕ್ಸ್‌ನ್ಯಾಗ ಲೋಕಲ್-ಐಆರ್‌ಕ್ಯೂ-ಸೇವ್, ರಿಸ್ಟೋರ್ ಅಂತ ಜೋಡಿ ಇರೋದೂ ಇದಕ್ಕ. ಎಂಐಟಿಯ ಕಲಿಕಿಗಂತ ಇರೋ ಸಣ್ಣ ಆಪರೇಟಿಂಗ್ ಸಿಸ್ಟಮ್ ಎಕ್ಸ್‌ವಿ6 ಓದಿದೋರು ಪುಶ್-ಆಫ್, ಪಾಪ್-ಆಫ್ ನೋಡಿರ್ತೀರಿ, ಅಲ್ಲಿ ಎಷ್ಟು ಸಲ ಬಂದ್ ಮಾಡಿದ್ವಿ ಅಂತ ಎಣಿಕಿ ಇಡ್ತಾರ, ಎಣಿಕಿ ಸೊನ್ನೆ ಆತು, ಮೊದಲ ಚಾಲೂ ಇತ್ತು ಅಂದ್ರಷ್ಟ ಮತ್ತ ಚಾಲೂ.

ವಿಂಡೋಸ್‌ನ್ಯಾಗ ಇದ ಲೆವೆಲ್‌ಗೆ ಐಆರ್‌ಕ್ಯೂಎಲ್ ಅಂತಾರ. 32 ಬಿಟ್ ಎಕ್ಸ್86 ದಾಗ 0 ದಿಂದ 31, 64 ಬಿಟ್‌ನ್ಯಾಗ 0 ದಿಂದ 15. ವಿಂಡೋಸ್ ಎನ್‌ಟಿ ಕಟ್ಟಿದ ಡೇವ್ ಕಟ್ಲರ್ ಅದಕ್ಕೂ ಮೊದಲ ವ್ಯಾಕ್ಸ್ ಮಶೀನ್‌ಗೆ ವಿಎಂಎಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಕಟ್ಟಿದೋರು, ವ್ಯಾಕ್ಸ್‌ನ್ಯಾಗೂ ಲೆವೆಲ್ 32 ಇದ್ವು. ಹೆಸರು ನಿಮಗ ಗೊತ್ತಿಲ್ಲ ಅಂದ್ರೂ ನೀಲಿ ಸ್ಕ್ರೀನ್ ಮ್ಯಾಲೆ "ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್" ಅನ್ನೋದನ್ನ ಓದಿರ್ತೀರಿ. ಅದು ಬಂತಂದ್ರ ರಿಪೇರಿ ಅಂಗಡ್ಯಾಗ ರ‍್ಯಾಮ್ ತಗದು ರಬ್ಬರ್‌ಲೆ ತಿಕ್ಕಿ ವಾಪಸ್ ಹಾಕ್ತಾರ. ಒಮ್ಮೊಮ್ಮೆ ರ‍್ಯಾಮ್ ಕೆಟ್ಟಿರೋದೂ ಖರೆ, ಆದ್ರ ಭಾಳ ಸಲ ಯಾವುದೋ ಡ್ರೈವರ್ 2 ನೇ ಲೆವೆಲ್, ಅಂದ್ರ ಡಿಸ್‌ಪ್ಯಾಚ್ ಲೆವೆಲ್‌ನ್ಯಾಗೋ ಅದಕ್ಕಿಂತ ಮ್ಯಾಲೋ ಇದ್ದಾಗ ಮುಟ್ಟಬಾರದ ಮೆಮರಿ ಮುಟ್ಟಿರ್ತೈತಿ. ಆ ಪೇಜ್, ಅಂದ್ರ ಮೆಮರಿ ತುಂಡು, ಡಿಸ್ಕ್‌ನ್ಯಾಗ ಇದ್ರ ತರಬೇಕು, ತರೋತನ ಕಾಯಬೇಕು, ಕಾಯಬೇಕಂದ್ರ ಶೆಡ್ಯೂಲರ್ ಬ್ಯಾರೆ ಥ್ರೆಡ್ ಓಡಿಸಬೇಕು, ಆದ್ರ ಈ ಲೆವೆಲ್‌ಗೆ ಏರಿದ್ರಿ ಅಂದ್ರ ಆ ಪ್ರೊಸೆಸರ್ ಮ್ಯಾಲೆ ಶೆಡ್ಯೂಲರ್‌ನ ತಡದಂಗ. ಮುಂದ ಹೋಗಾಕ ದಾರಿ ಇಲ್ಲ, ಅದಕ್ಕ ಕರ್ನಲ್ ತಾನ ನಿಂತ ಬಿಡ್ತೈತಿ.

ಈಗಿನ ಮಶೀನ್‌ನ್ಯಾಗ ನಾಕು ಎಂಟು ಕೋರ್ ಇರ್ತಾವಲ್ರಿ, ಅಲ್ಲಿ ಲೆವೆಲ್ ಏರಿಸೋದು ಸಾಲಂಗಿಲ್ಲ. ನೀವು ಏರಿಸಿದ್ದು ನಿಮ್ಮ ಕೋರ್‌ಗಷ್ಟ, ಬಾಜೂ ಕೋರ್ ಆರಾಮ ಬಂದು ಅದ ಕ್ಯೂ ಮುಟ್ತೈತಿ. ಅದಕ್ಕ ಸ್ಪಿನ್‌ಲಾಕ್ ಬೇಕು, ಅಂದ್ರ ಒಬ್ಬರು ಹಿಡದಾಗ ಇನ್ನೊಬ್ಬರು ಬಿಡೋತನ ಅಲ್ಲೇ ಸುತ್ತಿ ಕಾಯೋ ಲಾಕ್. ಲಾಕ್ ಒಂದ ಹಿಡದ್ರೂ ಆಗಂಗಿಲ್ಲ: ಲಾಕ್ ಹಿಡಕೊಂಡಾಗ ಅದ ಕೋರ್‌ಗೆ ಇಂಟರಪ್ಟ್ ಬಂದು ಹ್ಯಾಂಡ್ಲರ್ ಅದ ಲಾಕ್ ಕೇಳ್ತು ಅಂದ್ರ, ಬಿಡಬೇಕಾದೋನು ಕೆಳಗ ಬಿದ್ದಾನ, ಕಾಯಾಕತ್ತೋನು ಮ್ಯಾಲೆ ಕುಂತಾನ, ಇಬ್ಬರೂ ಅಲ್ಲೇ. ಹಂಗಾಗಿ ಲಾಕೂ ಬೇಕು ಲೆವೆಲ್ಲೂ ಬೇಕು, ನೆಟ್‌ಬಿಎಸ್‌ಡಿನ್ಯಾಗ ಮ್ಯೂಟೆಕ್ಸ್ ಅನ್ನೋ ಲಾಕ್ ಹುಟ್ಟಿಸುವಾಗನ ಲೆವೆಲ್ ಕೇಳ್ತಾರ. ಫ್ರೀಬಿಎಸ್‌ಡಿ 2003 ರ 5.0 ದಾಗ ಹಳೇ ಎಸ್‌ಪಿಎಲ್ ಪದ್ಧತಿ ಬಿಟ್ಟು ಇಂಟರಪ್ಟ್‌ಗೂ ಥ್ರೆಡ್ ಕೊಟ್ಟು ಲಾಕ್ ಹಿಡಿಯೋ ದಾರಿಗೆ ಬಂತು. ಲಿನಕ್ಸ್ ಅಂತೂ ಇಂಥಾ ಲೆವೆಲ್ ಇಟ್ಟಿಲ್ಲ, ಹ್ಯಾಂಡ್ಲರ್ ಆ ಕೋರ್‌ನ್ಯಾಗ ಎಲ್ಲಾ ಬಂದ್ ಮಾಡಿ ಲಗೂನ ಮುಗಿಸಿ, ಉಳದ ಕೆಲಸ ಆಮ್ಯಾಲೆ ಓಡೋ ಸಾಫ್ಟ್‌ಐಆರ್‌ಕ್ಯೂಗೋ ಥ್ರೆಡ್‌ಗೋ ದಾಟಿಸ್ತೈತಿ. ನೋಡ್ರಿ, ನಿಮ್ಮ "ಎಲ್ಲಾ ಬಂದ್" ಲಿನಕ್ಸ್‌ನ್ಯಾಗ ನಡೀತೈತಿ, ಆದ್ರ ಬಂದ್ ಇರೋ ಹೊತ್ತು ಸಣ್ಣದಿರಬೇಕು ಅನ್ನೋ ಕಟ್ಟಳಿ ಮ್ಯಾಲೆ.

ಕಡೀಕ ನಿಮ್ಮ ಕೈಯಾಗಿನ ಎಸ್‌ಟಿಎಂ32 ಬೋರ್ಡ್‌ಗೆ ಬರೂಣು. ಕಾರ್ಟೆಕ್ಸ್ ಎಂ3, ಎಂ4 ಕೋರ್ ಇರೋ ಚಿಪ್ ಇದ್ರ ಬೇಸ್‌ಪ್ರಿ ಅನ್ನೋ ರಿಜಿಸ್ಟರ್ ಐತಿ, ಅದ ನಿಮ್ಮ ಲೆವೆಲ್. 16 ಮೆಟ್ಟಲಾ, ನಂಬರ್ ಉಲ್ಟಾ, ಸಣ್ಣ ನಂಬರ್ ಅಂದ್ರ ದೊಡ್ಡ ಪ್ರಯಾರಿಟಿ. 5 ಅಂತ ಇಟ್ರ 5 ರಿಂದ 15 ತಡೀತಾವು, 0 ದಿಂದ 4 ಒಳಗ ಬರ್ತಾವು. ಆದ್ರ ಮ್ಯಾಲಿನ ನಾಕು ಬಿಟ್‌ನ್ಯಾಗ ಬರೀಬೇಕು, ಅಂದ್ರ ರಿಜಿಸ್ಟರ್‌ಗೆ 5 × 16 = 80 ಹಾಕಬೇಕು. ಬರೇ 5 ಹಾಕಿದ್ರ ಕೆಳಗಿನ ಬಿಟ್ ಲೆಕ್ಕಕ್ಕಿಲ್ಲ, ಸೊನ್ನೆ ಆಗ್ತೈತಿ, ಸೊನ್ನೆ ಅಂದ್ರ ಏನೂ ತಡಿಯಂಗಿಲ್ಲ. ಸಣ್ಣ ಬೋರ್ಡ್‌ನ ಆಪರೇಟಿಂಗ್ ಸಿಸ್ಟಮ್ ಫ್ರೀಆರ್‌ಟಿಓಎಸ್ ಹಾಕಿದ್ರ ಅದರ ಮ್ಯಾಕ್ಸ್ ಸಿಸ್ಕಾಲ್ ಇಂಟರಪ್ಟ್ ಪ್ರಯಾರಿಟಿ ನೋಡ್ರಿ, ಅದಕ್ಕಿಂತ ಮ್ಯಾಲಿನ ಪ್ರಯಾರಿಟಿ ಇರೋ ಹ್ಯಾಂಡ್ಲರ್‌ನಿಂದ ಕ್ಯೂಗೆ ಕಳಸೋ ಯಾವ ಕಾಲೂ ಮಾಡಂಗಿಲ್ಲ, ಫ್ರಮ್‌-ಐಎಸ್‌ಆರ್ (ಹ್ಯಾಂಡ್ಲರ್‌ನಿಂದ ಕರಿಯಾಕ) ಅಂತ ಹೆಸರಿದ್ರೂ ಇಲ್ಲ. ಚಿಪ್ ಚಾಲೂ ಆದಾಗ ಎಲ್ಲಾ ಡಿವೈಸ್ ಇಂಟರಪ್ಟ್‌ನ ಪ್ರಯಾರಿಟಿ 0 ಇರ್ತೈತಿ, ಅಂದ್ರ ಎಲ್ಲಾಕಿಂತ ಮ್ಯಾಲೆ. ನೀವು ಪ್ರಯಾರಿಟಿ ಸೆಟ್ ಮಾಡೋದು ಬಿಟ್ಟಿದ್ರ ಅಲ್ಲೇ ಸಿಗಬಿದ್ದಿರ್ತೀರಿ. ನನಗ ಫೋನ್ ಹಚ್ಚೋಕಿಂತ ಮೊದಲ ತಪ್ಪು ಕಂಡಲ್ಲೇ ನಿಲ್ಲಿಸೋ ಕಾನ್ಫಿಗ್-ಅಸರ್ಟ್ ಚಾಲೂ ಮಾಡಿ ಓಡಿಸ್ರಿ, ಯಾವ ಲೈನ್‌ನ್ಯಾಗ ನಿಂತೈತಿ ಅಂತ ಅದ ತೋರಿಸ್ತೈತಿ.